ಕಪ್ಪು ಬಿಳುಪು ಬಚ್ಚಲಿಗೊಂದು ಚಿಲಕ

ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದ ದಿನ ಮಧುಗಿರಿಯ ನಮ್ಮ ಬೀದಿಗೆ ಬೀದಿಯೇ ಮನೆಯೊಳಗಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕ. ನನ್ನ ಯಜಮಾನರು ತಮ್ಮ ಹುಣಸೆಹಣ್ಣಿನ ಮಂಡಿಯಿಂದ ಹಾರೆ ತರಿಸಿ ಬಾಗಿಲು ಮೀಟುತ್ತಿದ್ದರೆ ಒಳಗಿನಿಂದ ಅತ್ತೆಯದೇ ಜೋರು. "ಒಳಕ್ ಬಂದ್ಗಿಂದ್ಬುಟ್ಟೀಯ ಕಣ್ಲಾ! ಸೀರೆ ಸುತ್ಕಣಗಂಟ ತಡ್ಕಳ್ಲಾ!"

ಬಿದ್ದವರು ಅವರು, ಬೆವರಿದವರು ನಾವು. ಬಾಗಿಲು ಕಿತ್ತು ಬಂದಾಗ ಅತ್ತೆ ಗೋಡೆಗೆ ಒರಗಿ, ಸೀರೆ ಅಚ್ಚುಕಟ್ಟಾಗಿ ಸುತ್ತಿಕೊಂಡು, ಯಾರದೋ ಮದುವೆಗೆ ಬಂದು ಊಟದ ಪಂಕ್ತಿಗೆ ಕಾಯುತ್ತಿರುವವರ ಹಾಗೆ ಕೂತಿದ್ದರು. ಪುಣ್ಯಕ್ಕೆ ಸೊಂಟ ಮುರಿದಿರಲಿಲ್ಲ, ನೀಲಿಗಟ್ಟಿತ್ತು ಅಷ್ಟೆ. "ನಾನೇನ್ ಬೀಳ್ನಿಲ್ಲ, ಕಲ್ಲು ಜಾರ್ತು" ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಮಗ ಗೊಣಗಿದರು. ಆದರೆ ಈ ಸಲ ನೆಲದ್ದೇ ತಪ್ಪು. ಯಜಮಾನರ ತಾತನ ಕಾಲದಲ್ಲಿ ಹಾಸಿದ ಕಲ್ಲು ಚಪ್ಪಡಿ ಅದು. ತಲೆಮಾರುಗಳ ಹರಳೆಣ್ಣೆ, ಸೀಗೆಪುಡಿ ಕುಡಿದು ಕುಡಿದು ಬೆಣ್ಣೆಯ ಹಾಗೆ ನುಣ್ಣಗಾಗಿತ್ತು.

ಅಂದು ಸಂಜೆಯೇ ಮನೆಯಲ್ಲಿ ಹೊಸ ಕಾನೂನು ಬಂತು. "ಅವ್ವ, ಇನ್ಮೇಲೆ ಬಚ್ಚಲ ಬಾಗ್ಲಿಗೆ ಚಿಲ್ಕ ಇಲ್ಲ. ನೀನು ಮೈ ತೊಳ್ಕಳಾವಾಗ ಒಬ್ರು ಒಳಗಿರ್ಬೇಕು" ಎಂದರು ಯಜಮಾನರು. ಅತ್ತೆ ಎದ್ದು ಕೋಣೆಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು. ಕಿತ್ತು ಬಿದ್ದಿದ್ದ ಕಬ್ಬಿಣದ ಚಿಲಕವನ್ನು ಎತ್ತಿಡೋಣವೆಂದು ಮಾರನೆಯ ದಿನ ಯಜಮಾನರು ಹುಡುಕಿದರೆ ಅದು ಎಲ್ಲೂ ಸಿಗಲಿಲ್ಲ. ಗುಡಿಸುವಾಗ ಕಸದ ಜೊತೆ ಹೋಗಿರಬೇಕು ಎಂದುಕೊಂಡೆವು.

ಆ ಚಿಲಕದ ಮಹಿಮೆ ಹೇಳದಿದ್ದರೆ ಈ ಕತೆಗೆ ತಲೆಯೂ ಇಲ್ಲ ಬುಡವೂ ಇಲ್ಲ. ನಮ್ಮ ಅತ್ತೆ ಯಾರ ಮುಖ ನೋಡಿಯೂ ಬೈಯುವವರಲ್ಲ. ನಡುಮನೆಯಲ್ಲಿ ಅವರದು ಒಂದೇ ಮಾತು, "ಆಗ್ಲಿ ಬುಡು." ಆದರೆ ಬಚ್ಚಲಿಗೆ ಹೋಗಿ, ಚಿಲಕ ಸರಿಸಿ, ಮೊದಲ ಚೊಂಬು ಬಿಸಿನೀರು ಬೆನ್ನಿಗೆ ಬಿತ್ತೋ, ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಅಲ್ಲಿ ಅವರು ಎಲ್ಲರನ್ನೂ ಬೈಯುತ್ತಿದ್ದರು. ತೀರಿಹೋದ ಮಾವನವರನ್ನು, ಹಬ್ಬದ ದಿನವೇ ನೀರು ಬಿಡದ ನಲ್ಲಿಯವನನ್ನು, ಕರೆದರೂ ಬಾರದ ಬೀಗರನ್ನು, ಒಮ್ಮೊಮ್ಮೆ ಶಿವನನ್ನೂ. "ಹುಣ್ಸೇಹಣ್ಣು ಮಾರಿ ಮಾರಿ ನನ್ ಮಗನ್ ಮಾತೂ ಹುಳಿ ಆಗೋಗೈತೆ" ಎನ್ನುವರು. "ಮೇಷ್ಟ್ರಮ್ಮ ಅಂತೆ ಮೇಷ್ಟ್ರಮ್ಮ! ಸಾರಿಗೆ ಉಪ್ಪು ಎಷ್ಟಾಕ್ಬೇಕು ಅಂತ ಯಾವ್ ಇಸ್ಕೂಲ್ನಾಗೂ ಹೇಳ್ಕೊಡ್ನಿಲ್ವೇನೋ" ಎನ್ನುವರು. ಆ ಮೇಷ್ಟ್ರಮ್ಮ ನಾನೇ. ಪುರವರದ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿ ನಿವೃತ್ತಳಾದವಳು.

ನಮ್ಮ ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಗೋಡೆಯ ತಲೆಯ ಹತ್ತಿರ ಒಂದು ಗವಾಕ್ಷಿ. ಆ ಗವಾಕ್ಷಿಯಿಂದ ಅತ್ತೆಯ ಬೈಗುಳ ಒಂದಕ್ಷರ ಬಿಡದೆ ನನ್ನ ಒಲೆಯ ಮುಂದೆ ಬಂದು ಬೀಳುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅಳು ಬಂದಿತ್ತು. ಆಮೇಲೆ ಅದರ ಉಪಯೋಗ ಗೊತ್ತಾಯಿತು. ಇವತ್ತು ಉಪ್ಪು ಕಡಿಮೆ ಎಂದು ಬೈದರೆ ನಾಳೆ ಸರಿ ಹಾಕುತ್ತಿದ್ದೆ. ಪಕ್ಕದ ಮನೆಯ ಗೃಹಪ್ರವೇಶಕ್ಕೆ ಕರೆದುಕೊಂಡು ಹೋಗಲಿಲ್ಲ ಎಂದರೆ ಮುಂದಿನ ನಾಮಕರಣಕ್ಕೆ ನಾನೇ ಸೀರೆ ತೆಗೆದು ಕೊಡುತ್ತಿದ್ದೆ. ಊರವರೆಲ್ಲ ಅತ್ತೆ ಸೊಸೆ ಎಂದರೆ ಇವರಪ್ಪ ಎನ್ನುತ್ತಿದ್ದರು. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೋರಿಸುವ ಪ್ರಸಂಗವೇ ನನಗೆ ಬರಲಿಲ್ಲ. ನಾನು ಕದ್ದು ಕೇಳುತ್ತಿದ್ದೇನೆಂಬ ಸುಳಿವು ಅವರಿಗೆ ಇಲ್ಲವೆಂದು ಒಳಗೊಳಗೇ ಬೀಗುತ್ತಿದ್ದೆ.

ಚಿಲಕ ಹೋಯಿತು, ಆ ಬೈಗುಳವೂ ನಿಂತಿತು. ನಾನು ಒಳಗೆ ನಿಂತು ನೀರು ಹುಯ್ಯುತ್ತಿದ್ದೆ. ಅತ್ತೆ ಮಣೆಯ ಮೇಲೆ ಮುದುಡಿ ಕೂತು "ಬಿಸಿ", "ಸಾಕು" ಎನ್ನುವ ಎರಡು ಮಾತಿನಲ್ಲಿ ಸ್ನಾನ ಮುಗಿಸುತ್ತಿದ್ದರು. ಅದಕ್ಕಿಂತ ಕೆಟ್ಟದ್ದು ಊಟಕ್ಕೆ ಕೂತಾಗ. ಒಂದು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅತ್ತೆ ಮುದ್ದೆ ಮುರಿದು ಅದ್ದಿ ನುಂಗಿ, "ಸಾರು ಚೆನ್ನಾಗೈತೆ ಕಣಮ್ಮ" ಎಂದರು. ಬೈಸಿಕೊಳ್ಳುವ ಭಾಗ್ಯ ಕಳೆದುಕೊಂಡು ಯಾರಾದರೂ ಸಂಕಟಪಡುತ್ತಾರೆಯೇ? ನಾನು ಪಟ್ಟೆ. ಮನೆಯಲ್ಲಿ ಯಾರೋ ನೆಂಟರು ಬಂದು ಇಳಿದುಕೊಂಡ ಹಾಗೆ, ಎಲ್ಲದಕ್ಕೂ ಚೆನ್ನಾಗಿದೆ ಎನ್ನುವ ಆ ಮುದುಕಿಯನ್ನು ನೋಡಿದರೆ ಭಯವಾಗುತ್ತಿತ್ತು.

ಬಚ್ಚಲನ್ನು ಹೊಸದು ಮಾಡಿಸುವ ಮಾತು ಎತ್ತಿದವಳು ನಾನೇ. ಅತ್ತೆಯ ಸಂಕಟ ಅರ್ಧ ಕಾರಣ. ಇನ್ನರ್ಧ ನನ್ನ ಹಳೆಯ ಚಪಲ. ನನ್ನ ಅಪ್ಪ ಪಾವಗಡದ ಕಡೆ ಒಂದು ಸರ್ಕಾರಿ ಬಂಗಲೆ ನೋಡಿಕೊಳ್ಳುತ್ತಿದ್ದರು. ಸಾಹೇಬರು ಬಂದರೆ ಇಳಿದುಕೊಳ್ಳುವ ಜಾಗ. ಅದರ ಬಚ್ಚಲಿಗೆ ಕಪ್ಪು ಬಿಳುಪು ಚೌಕಗಳ ನೆಲ. ಅಪ್ಪ ಅದನ್ನು ಒರೆಸಿ ಒಣಗಿಸಿ, "ಒಳಕ್ಕೆ ಕಾಲಿಟ್ಟೀಯ, ಜೋಕೆ" ಎಂದು ನಡೆದ ಕೂಡಲೇ ನಾನು ನುಗ್ಗಿ, ಬಿಳಿ ಚೌಕದಿಂದ ಬಿಳಿ ಚೌಕಕ್ಕೆ ಕುಂಟಾಬಿಲ್ಲೆ ಆಡಿ ಬರುತ್ತಿದ್ದೆ. ಈಗ ಮೊಬೈಲಿನಲ್ಲಿ ಅಂಥದೇ ಬಚ್ಚಲು ಕಂಡಿತು. ಹಿತ್ತಾಳೆ ನಲ್ಲಿ, ದುಂಡು ಕನ್ನಡಿ, ಕಪ್ಪು ಬಿಳುಪು ನೆಲ. ಅದಕ್ಕೆ ವಿಂಟೇಜ್ ಎನ್ನುತ್ತಾರಂತೆ.

"ವಿಂಟೇಜ್ ಅಂದ್ರೆ?" ಎಂದರು ಯಜಮಾನರು.

"ಹಳೇ ಕಾಲದ್ದು ಅಂತ ಕಣ್ರೀ."

"ಹಳೇ ಕಾಲದ್ದನ್ನ ಒಡ್ದಾಕಿ ಹಳೇ ಕಾಲದ್ದು ಮಾಡ್ತೀಯ? ಇದ್ಯಾವ್ ಸೀಮೆ ಬುದ್ಧಿನೇ!"

ಮಾತು ಬೆಳೆಯಿತು. ಕಡೆಗೆ ಅವರು ಒಂದು ಷರತ್ತು ಹಾಕಿ ಒಪ್ಪಿದರು. ಹೊಸ ನೆಲದ ಮೇಲೆ ಅವ್ವ ಹೊಸ್ತಿಲಿನಿಂದ ಹಂಡೆಯ ಹತ್ತಿರದ ಮಣೆಯವರೆಗೆ ಯಾರ ಕೈಯನ್ನೂ ಹಿಡಿಯದೆ, ಗೋಡೆ ತಡಕದೆ, ತಮ್ಮ ಕಣ್ಣೆದುರು ನಡೆದು ತೋರಿಸಬೇಕು. ತೋರಿಸಿದರೆ ಚಿಲಕ ಉಂಟು. ಇಲ್ಲದಿದ್ದರೆ ಇಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದ ಅತ್ತೆ ಈ ಕಡೆ ತಿರುಗಿದರು. "ಎಲ್ಲಮ್ಮ ಸಿಕ್ಕದು ಆ ಕಲ್ಲು? ನಡಿ, ನಾನೂ ಬತ್ತೀನಿ" ಎಂದು ಎದ್ದು ಕೂತರು.

ಮೊದಲು ಕೊರಟಗೆರೆಗೆ ಹೋದೆವು. ಅಲ್ಲಿನ ಅಂಗಡಿಯಲ್ಲಿ ಬಚ್ಚಲಿಗೆಂದು ತೋರಿಸಿದ್ದೆಲ್ಲ ನೀಲಿ ಸಮುದ್ರ, ಸಮುದ್ರದ ತುಂಬ ಹಾರುವ ಡಾಲ್ಫಿನ್. ಒಂದು ಮೀನು ನೇರವಾಗಿ ಅತ್ತೆಯನ್ನೇ ನೋಡಿ ನಗುತ್ತಿತ್ತು. "ಇದರ ಮುಂದೆ ಸೀರೆ ಬಿಚ್ಲಾ ನಾನು?" ಎಂದು ಅತ್ತೆ ಹೊರಗೆ ನಡೆದೇಬಿಟ್ಟರು. ಕಪ್ಪು ಬಿಳುಪು ಕೇಳಿದರೆ ಅಂಗಡಿಯವನು, "ಮೇಡಂ, ಅದು ಔಟ್ ಆಫ್ ಫ್ಯಾಶನ್" ಎಂದು ನನ್ನನ್ನು ಅನುಕಂಪದಿಂದ ನೋಡಿದ.

ಶಿರಾದ ಸಾಬರ ಅಂಗಡಿಯಲ್ಲಿ ಸಿಕ್ಕಿತು. ಒಂದು ಫಳಫಳ ಹೊಳೆಯುವುದು, ಇನ್ನೊಂದು ಮಂಕು. ಹೊಳೆಯುವುದನ್ನು ಕಂಡ ಕೂಡಲೇ ನನ್ನ ಮನಸ್ಸು ಅಲ್ಲೇ ಕೂತಿತು. ಥೇಟ್ ಅಪ್ಪನ ಬಂಗಲೆಯ ನೆಲ. "ಇದೂ ನೀರಲ್ಲಿ ಬಿಲ್ಕುಲ್ ಜಾರಲ್ಲ ಅಮ್ಮಾ, ಫಿಕರ್ ಮಾಡ್ಬೇಡಿ" ಎಂದರು ಸಾಬರು.

"ನೀರಿದ್ರೆ ಒಂದಿಷ್ಟು ಕೊಡಪ್ಪ" ಎಂದರು ಅತ್ತೆ.

ಬಾಯಾರಿಕೆ ಎಂದುಕೊಂಡು ಸಾಬರು ಬಾಟಲಿ ಕೊಟ್ಟರು. ಅತ್ತೆ ಕೂತು, ಕೈಚೀಲಕ್ಕೆ ಕೈ ಹಾಕಿ ಮೊದಲು ಹರಳೆಣ್ಣೆ ಶೀಷೆ ತೆಗೆದರು, ಆಮೇಲೆ ಸೀಗೆಪುಡಿಯ ಪೊಟ್ಟಣ. ನಾವು ನೋಡುತ್ತಿದ್ದ ಹಾಗೆಯೇ ನೆಲದ ಮೇಲಿದ್ದ ಎರಡೂ ನಮೂನೆಯ ಟೈಲ್ಸಿಗೆ ಎಣ್ಣೆ ಸುರಿದು, ಪುಡಿ ಉದುರಿಸಿ, ನೀರು ಚಿಮುಕಿಸಿ, ಮಗುವಿನ ನೆತ್ತಿಗೆ ತಿಕ್ಕುವ ಹಾಗೆ ಅಂಗೈಯಿಂದ ತಿಕ್ಕತೊಡಗಿದರು.

"ಅರೇ ಅಮ್ಮಾ, ಯೇ ಕ್ಯಾ! ಇದು ಶೋರೂಮು, ನಿಮ್ದು ಬಚ್ಚಲು ಅಲ್ಲ!"

"ಬಚ್ಚಲಿಗೆ ತಾನೆ ಹಾಕದು ಇದ್ನ? ನೀರಾಗೆ ಯಾರಪ್ಪ ಜಾರ್ತಾರೆ? ನಮ್ಮನ್ನ ಜಾರ್ಸದು ಹರಳೆಣ್ಣೆ" ಎನ್ನುತ್ತ ಅತ್ತೆ ಹೊಳೆಯುವ ಟೈಲ್ಸಿನ ಮೇಲೆ ಕಾಲಿಡಲು ಎದ್ದರು. ಮೊದಲೇ ನೀಲಿಗಟ್ಟಿದ ಸೊಂಟ. ನಾನು ಅವರನ್ನು ಹಿಂದಕ್ಕೆ ಎಳೆದು, ಚಪ್ಪಲಿ ಬಿಟ್ಟು, "ನೋಡಿ ಅತ್ತೆ, ಏನೂ ಆಗಲ್ಲ" ಎಂದು ನಾನೇ ಹತ್ತಿದೆ.

ಆಗಿದ್ದು ಇಷ್ಟು. ನಾನು ಮೇಲಿನ ಫ್ಯಾನನ್ನು ಒಂದು ಕ್ಷಣ ನೋಡಿದೆ, ಮರುಕ್ಷಣ ಸಾಬರ ಶೋರೂಮಿನ ನೆಲದ ಮೇಲೆ ಕೂತಿದ್ದೆ. ಪಕ್ಕದಲ್ಲಿ ಪೇರಿಸಿದ್ದ ಟೈಲ್ಸಿನ ಪುಸ್ತಕಗಳೆಲ್ಲ ನನ್ನ ಮಡಿಲಲ್ಲಿದ್ದವು. ಸಾಬರು "ಯಾ ಅಲ್ಲಾ" ಎಂದು ಮುಖ ಆ ಕಡೆ ತಿರುಗಿಸಿದರು. ಅವರ ಭುಜ ಕುಲುಕುತ್ತಿತ್ತು. ಅತ್ತೆ ಮಾತ್ರ ಬಹಳ ಗಂಭೀರವಾಗಿ, "ಇದು ಬ್ಯಾಡ" ಎಂದರು.

ಮಂಕು ಟೈಲ್ಸಿನ ಮೇಲೆ ಹತ್ತಲು ನಾನು ಒಪ್ಪಲಿಲ್ಲ. ಆ ಹೊತ್ತಿಗೆ ಸಾಬರಿಗೇ ಹುರುಪು ಬಂದುಬಿಟ್ಟಿತ್ತು. ಬೂಟು ಕಳಚಿ, ಪ್ಯಾಂಟು ಮೇಲಕ್ಕೆ ಮಡಚಿ ತಾವೇ ಹತ್ತಿ ನಿಂತರು. ಒಂದು ಕಾಲಲ್ಲಿ ನಿಂತರು. ಕೈ ಚಾಚಿ ಸುತ್ತ ತಿರುಗಿದರು. ಜಾರಲಿಲ್ಲ. "ಖಡಕ್ ಮಾಲ್ ಅಮ್ಮಾ!" ಎಂದು ತಮ್ಮ ಮಾಲನ್ನು ತಾವೇ ಮೊದಲ ಸಲ ನೋಡುತ್ತಿರುವವರಂತೆ ಹಿಗ್ಗಿದರು. ನಾವು ಹೊರಡುವಾಗ ಉಳಿದ ಸೀಗೆಪುಡಿಯ ಪೊಟ್ಟಣವನ್ನು ಇಲ್ಲೇ ಬಿಟ್ಟು ಹೋಗಿ ಎಂದು ಕೇಳಿ ಇಟ್ಟುಕೊಂಡರು. ಆಚೆಗೆ ಬಂದ ಮೇಲೆ ನನಗೆ ಹೊಳೆಯುವ ಟೈಲ್ಸು ತಪ್ಪಿದ ಬೇಜಾರೂ ಇತ್ತು, ಬೆನ್ನಿನ ಕೆಳಗೆ ನೋವೂ ಇತ್ತು.

ಟೈಲ್ಸ್ ಕೂರಿಸಲು ಪಾವಗಡದ ಮೇಸ್ತ್ರಿ ಬಂದ. ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವ ಮನುಷ್ಯ. ಏನು ಕೇಳಿದರೂ "ಪರವಾಲೇದಕ್ಕಾ" ಎನ್ನುತ್ತಿದ್ದ. ನೀರು ಹರಿಯಲು ವಾಟ ಸರಿಯಾಗಿ ಕೊಟ್ಟೆಯೇನಪ್ಪ? ಪರವಾಲೇದಕ್ಕಾ. ಹೊಸ್ತಿಲು ದಾಟಿದ ಕೂಡಲೇ ಬಿಳಿ ಬರಬೇಕಂತೆ, ಕರಿ ತುಳಿಯಬಾರದಂತೆ. ಪರವಾಲೇದಕ್ಕಾ. ಅವನೊಡನೆ ತಕರಾರು ಬಂದಿದ್ದು ಒಂದೇ ವಿಷಯಕ್ಕೆ. "ಈ ಗವಾಕ್ಷಿ ಯಾಕೆ, ಎಂದುಕಕ್ಕಾ? ಮುಚ್ಚಾಕಿ ಫ್ಯಾನ್ ಇಟ್ಬುಡ್ತೀನಿ" ಎಂದ. ಯಜಮಾನರು ತಲೆಯಾಡಿಸಿದರು.

"ಬೇಡ. ಅದು ವಿಂಟೇಜ್" ಎಂದೆ ನಾನು.

"ಆ ತೂತಾ?"

"ತೂತೇ ವಿಂಟೇಜ್. ಪಟದಲ್ಲಿ ಹಾಗೇ ಇದೆ."

ಪಟದಲ್ಲಿ ಅಂಥದ್ದೇನೂ ಇರಲಿಲ್ಲ. ಮಕ್ಕಳಿಗೆ ಅಷ್ಟು ವರ್ಷ ಗಣಿತ ಹೇಳಿದವಳ ಮುಖ ನೋಡಿ ಯಾರೂ ಸುಳ್ಳು ಎನ್ನುವುದಿಲ್ಲ, ಅದು ನನ್ನ ಅದೃಷ್ಟ. ಹಂಡೆಯ ಒಲೆಯನ್ನೂ ಅದೇ ಮಾತು ಹೇಳಿ ಉಳಿಸಿಕೊಂಡೆ.

ಕೆಲಸ ಮುಗಿಯುವ ಹೊತ್ತಿಗೆ ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ನಮ್ಮ ಕಡೆ ಬಚ್ಚಲೇ ದೇವರಮನೆ. ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹೂವು ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತೇವೆ. ಮಾರನೆಯ ಬೆಳಗಿನ ಜಾವ ಆ ನೀರಿನಲ್ಲೇ ಎಣ್ಣೆಸ್ನಾನ. ಅತ್ತೆ ಅಲ್ಲಿಯವರೆಗೆ ಒಳಗೆ ಇಣುಕಿರಲಿಲ್ಲ, ಎಲ್ಲ ಮುಗಿದ ಮೇಲೆ ನೋಡುತ್ತೇನೆ ಎಂದಿದ್ದರು. ಹೊಸ ಬಾಗಿಲು ಕೂರಿಸುತ್ತಿದ್ದ ಮೇಸ್ತ್ರಿ ಪಕ್ಕಕ್ಕೆ ಸರಿದ. ಯಜಮಾನರು ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರ್ ಹಾಗೆ ಕೈಕಟ್ಟಿ ನಿಂತರು. ಅತ್ತೆ ಹೊಸ್ತಿಲ ಮೇಲೆ ನಿಂತು ಕೆಳಗೆ ನೋಡಿದರು.

ನೋಡಿದವರು ನಿಂತೇ ಬಿಟ್ಟರು. ಒಂದು ಕಾಲನ್ನು ಬಿಳಿಯ ಮೇಲೆ ಇಟ್ಟರು. ಇನ್ನೊಂದನ್ನು ಎತ್ತಿ, ಗಾಳಿಯಲ್ಲಿ ಆಡಿಸಿ, ಹಿಂದಕ್ಕೆ ತೆಗೆದರು. ಕೈ ತನ್ನಷ್ಟಕ್ಕೆ ಬಾಗಿಲ ಚೌಕಟ್ಟು ಹಿಡಿಯಿತು.

"ಏನ್ ಅತ್ತೆ?"

"ಗುಂಡಿ ತೋಡ್ಸಿದೀಯಲ್ಲಮ್ಮ" ಎಂದರು ಮೆಲ್ಲಗೆ. "ಸಾಲಾಗಿ ಗುಂಡಿ."

ಅತ್ತೆಯದು ಪೊರೆ ತೆಗೆಸಿದ ಕಣ್ಣು, ಸಂಜೆಯ ಮಬ್ಬು. ಕರಿ ಚೌಕಗಳೆಲ್ಲ ಅವರಿಗೆ ತಳ ಕಾಣದ ಹಳ್ಳಗಳಾಗಿ ಕಾಣುತ್ತಿದ್ದವು. ಹರಳೆಣ್ಣೆ ಹಾಕಿ ಜಾರುತ್ತದೆಯೋ ಇಲ್ಲವೋ ನೋಡಿದೆವು, ಬಣ್ಣ ಹೇಗೆ ಕಾಣುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ಚಿಕ್ಕಂದಿನ ಕುಂಟಾಬಿಲ್ಲೆಯ ಆಸೆಗೆ ಈ ಮುದುಕಿಯ ಚಿಲಕ ಬಲಿ ಹಾಕಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

"ನೋಡ್ದಾ? ನಾನ್ ಹೇಳ್ನಿಲ್ವಾ?" ಎಂದರು ಯಜಮಾನರು. "ಬಾ ಅವ್ವ, ಕೈ ಕೊಡು."

ಅತ್ತೆ ಕೈ ಕೊಡಲಿಲ್ಲ. ಸ್ವಲ್ಪ ಹೊತ್ತು ನೆಲವನ್ನೇ ದುರುಗುಟ್ಟಿ ನೋಡಿ, "ರಂಗೋಲಿ ಬಟ್ಲು ತತ್ತಾ" ಎಂದರು. ಹಂಡೆಯ ಮುಂದೆ ಹಾಕಲೆಂದು ಸಿದ್ಧವಾಗಿಟ್ಟಿದ್ದ ಬಟ್ಟಲು. ಕೊಟ್ಟೆ. ಹೊಸ್ತಿಲ ಮೇಲೆ ಕೂತು, ಮುಂದಕ್ಕೆ ಬಗ್ಗಿ, ಮೊದಲ ಕರಿ ಚೌಕದ ಅಂಚಿಗೆ ಬೆರಳು ಇಳಿಬಿಟ್ಟರು. ಬೆರಳು ನೆಲಕ್ಕೆ ತಾಗಿತು. ಅಂಗೈ ಪೂರಾ ಇಟ್ಟು ಒತ್ತಿ ನೋಡಿದರು. ಆಮೇಲೆ ಅದರ ನಡುವೆ ಒಂದು ಪುಟ್ಟ ಎಸಳಿನ ಹೂವು ಬಿಡಿಸಿದರು. ಎದ್ದು ಅದರ ಪಕ್ಕ ನಿಂತು, ಮತ್ತೆ ಕೂತು, ಮುಂದಿನದಕ್ಕೆ ಇನ್ನೊಂದು. ಬಿಳಿ ಪುಡಿ ಬಿದ್ದಲ್ಲೆಲ್ಲ ಗುಂಡಿ ತುಂಬಿ ನೆಲವಾಗುತ್ತಿತ್ತು. ನಮ್ಮ ಹಳೆಯ ಚಪ್ಪಡಿಯ ಮೇಲೆ ಇಷ್ಟು ಚೆನ್ನಾಗಿ ರಂಗೋಲಿ ಎದ್ದು ಕಂಡಿದ್ದನ್ನು ನಾನು ನೋಡಿರಲಿಲ್ಲ. ಎದ್ದು ಕೂತು, ಎದ್ದು ಕೂತು, ಸೊಂಟವನ್ನು ಶಪಿಸುತ್ತ, ಯಾರ ಕೈಯನ್ನೂ ಹಿಡಿಯದೆ, ಅವರು ಹಂಡೆಯವರೆಗೆ ಹೋಗಿ ಮಣೆಯ ಮೇಲೆ ಕೂತೇಬಿಟ್ಟರು.

"ಬಂದ್ಬುಟ್ನಲ್ಲಪ್ಪ" ಎಂದರು ಮಗನಿಗೆ.

"ಇದು ಲೆಕ್ಕಕ್ಕಿಲ್ಲ ಅವ್ವ. ದಿನಾ ರಂಗೋಲಿ ಹಾಕ್ಕೊಂಡು ಸ್ನಾನಕ್ಕೆ ಹೋಗ್ತೀಯ?"

"ಹಾಕ್ತೀನಿ. ಬೀದಿ ಬಾಗ್ಲಿಗೆ ದಿನಾ ಹಾಕಕಿಲ್ವಾ? ಇಲ್ಲೂ ಹಾಕ್ತೀನಿ. ನಿಂಗೇನ್ಲಾ ಕಷ್ಟ?"

ಯಜಮಾನರು ಕಡೆಗೆ, "ಆಗ್ಲಿ, ಆ ಹಳೇ ಚಿಲ್ಕ ಕಳ್ದೋಗೈತೆ. ಅಂಗ್ಡಿ ತೆಗೀಲಿ, ಹಬ್ಬ ಆದ್ಮೇಲೆ ಹೊಸದು ತರಣ" ಎಂದರು. ಅತ್ತೆ ಸೊಂಟದಿಂದ ತಮ್ಮ ಎಲೆಅಡಿಕೆ ಚೀಲ ತೆಗೆದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ, ಎಲ್ಲದರ ತಳದಿಂದ ಕಬ್ಬಿಣದ ಚಿಲಕ ಹೊರಗೆ ಬಂತು. ತುಕ್ಕಿಲ್ಲ, ಎಣ್ಣೆ ಹಚ್ಚಿ ಇಟ್ಟುಕೊಂಡಿದ್ದರು. ಬಿದ್ದ ದಿನದಿಂದ ಅದು ಅವರ ಸೊಂಟದಲ್ಲೇ ಇತ್ತು. "ತಗಳಪ್ಪ, ಹೊಡಿ" ಎಂದು ಮೇಸ್ತ್ರಿಗೆ ಕೊಟ್ಟರು. ಅವನು ಯಜಮಾನರ ಮುಖ ನೋಡಿದ, ಅತ್ತೆಯ ಮುಖ ನೋಡಿದ, "ಪರವಾಲೇದು ಸಾರ್" ಎನ್ನುತ್ತ ಸ್ಕ್ರೂ ತಿರುಗಿಸತೊಡಗಿದ.

ಮಾರನೆಯ ಬೆಳಗಿನ ಜಾವ ಅತ್ತೆಯ ತಲೆಗೆ ಮೈಗೆ ಹರಳೆಣ್ಣೆ ಹಚ್ಚಿ ಬಾಗಿಲವರೆಗೆ ಬಿಟ್ಟೆ. ಎಣ್ಣೆಗಾಲಿನಲ್ಲಿ ಅವರು ರಂಗೋಲಿಯ ಹೂವಿನಿಂದ ಹೂವಿಗೆ ನಿಧಾನವಾಗಿ ನಡೆದು ಹೋದದ್ದನ್ನು ಬಾಗಿಲ ಸಂದಿಯಲ್ಲಿ ನೋಡಿದೆ. ಮಂಕು ಟೈಲ್ಸು ಸಾಬರ ಮಾನ ಕಾಪಾಡಿತು. ಅತ್ತೆ ಹಾಗೇ ಹಿಂದಕ್ಕೆ ತಿರುಗಿ ಬಂದು ನನ್ನ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡರು. ಕಟಕ್ ಎಂದು ಚಿಲಕ ಸರಿಯಿತು.

ಅಡುಗೆಮನೆಗೆ ಓಡಿದೆ. ಕಾಫಿಗೆ ಹಾಲಿಟ್ಟು, ಗೋಡೆಗೆ ಒರಗಿ, ಕಿವಿಯನ್ನು ಗವಾಕ್ಷಿಯ ಕಡೆ ಕೊಟ್ಟು ನಿಂತೆ. ಮೊದಲ ಚೊಂಬು ಬಿತ್ತು. ಮಾತಿಲ್ಲ. ಎರಡನೆಯದು ಬಿತ್ತು. ಮಾತಿಲ್ಲ. ಇಷ್ಟು ದಿನದಲ್ಲಿ ಬೈಯುವುದೇ ಮರೆತುಹೋಯಿತೇನೋ ಎಂದು ಕಿವಿಯನ್ನು ಗೋಡೆಗೇ ಒತ್ತಿದೆ.

ಆಮೇಲೆ ಶುರುವಾಯಿತು. ಮಾವನವರಿಂದ ಹಿಡಿದು, ಕೊರಟಗೆರೆಯ ಡಾಲ್ಫಿನ್ ಮೀನಿನವರೆಗೆ, ಬಾಕಿ ಇದ್ದವರೆಲ್ಲರ ಸರದಿ ಬಂತು. ಮಗನದು ಸ್ವಲ್ಪ ಉದ್ದವಾಯಿತು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಕಡೆಗೆ ನನ್ನ ಪಾಳಿ.

"ಇವ್ಳೊಬ್ಳು ಸೊಸೆ. ಗುಂಡಿ ಗುಂಡಿ ಬಚ್ಲು ಕಟ್ಸವ್ಳೆ. ಗವಾಕ್ಷಿ ಮಾತ್ರ ಮುಚ್ಚಕ್ಕೆ ಬುಡ್ನಿಲ್ಲ, ಯಾಕೆ ಅಂತ ನಂಗೊತ್ತಿಲ್ವಾ? ಮದ್ವೆಯಾಗಿ ಬಂದಾಗ್ನಿಂದ ಗೋಡೆಗೆ ಕಿವಿ ಕೊಟ್ಕಂಡು ನಿಂತವ್ಳೆ. ಈಗ್ಲೂ ಅಲ್ಲೇ ನಿಂತವ್ಳೆ. ಹಾಲು ಸೀದ ವಾಸ್ನೆ ಬತ್ತಾ ಐತೆ, ಒಲೆ ಆರ್ಸೇ!"

ತಿರುಗಿ ನೋಡಿದೆ. ಹಾಲು ಉಕ್ಕಿ ಒಲೆಯ ತುಂಬ ಹರಿದು ಕರಕಲಾಗುತ್ತಿತ್ತು. ಒಲೆ ಆರಿಸಿದೆ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊಟ್ಟಮೊದಲ ಸಲ ಗವಾಕ್ಷಿಯ ಕಡೆ ಮುಖ ಎತ್ತಿ, "ಆರಿಸ್ದೆ ಅತ್ತೆ!" ಎಂದು ಕೂಗಿದೆ.

ಆ ಕಡೆ ಚೊಂಬು ನಿಂತಿತು.

"ಹ್ಞೂಂ. ಸಾರಿಗೆ ಇವತ್ತಾದ್ರೂ ಉಪ್ಪಾಕು. ಚೆನ್ನಾಗೈತೆ ಚೆನ್ನಾಗೈತೆ ಅಂತ ತಿಂದೂ ತಿಂದೂ ನಾಲ್ಗೆ ಸತ್ತೋಗೈತೆ."